ಬೀಗದ ದೋಷವೂ ಓಮನ ನಿಯಮವೂ

ಕಾರಿನ ಬಾಗಿಲಿಗೆ ವಿದ್ಯುತ್ತಿನಿಂದ ನಡೆಯುವ ಬೀಗವಿರುವುದು ಒಂದು ಕಾಲಕ್ಕೆ ಸಿರಿವಂತರ ವೈಭವವಾಗಿದ್ದಿತು. ಅಮೆರಿಕದ ಪ್ಯಾಕರ್ಡ್ ಸಂಸ್ಥೆಯವರು 1956ರಲ್ಲಿ ತಮ್ಮ ಕಾರುಗಳಿಗೆ ಇಂತಹ ಬೀಗಗಳನ್ನು ಒದಗಿಸಿದರು. ಇಂದು ಸಾಧಾರಣ ಬೆಲೆಯ ಕಾರಿನಲ್ಲಿಯೂ ಈ ಸೌಕರ್ಯವುಂಟು. ಆದರೆ ಇಪ್ಪತ್ತು ಮೂವತ್ತು ವರ್ಷ ಬಾಳಿದ ಭಾರಿ ಬೆಲೆಯ ಕಾರುಗಳಲ್ಲಿ ಹಠ ಹಿಡಿಯುವ ಅಂಗಗಳ ಪೈಕಿ ಈ ಬೀಗವೂ ಒಂದು. ಗುಂಡಿಯನ್ನು ಒತ್ತಿದರೆ ಮೂರು ಬಾಗಿಲುಗಳಿಗೆ ಬೀಗ ಬೀಳುತ್ತದೆ; ನಾಲ್ಕನೆಯದು ಒಮ್ಮೆ ಮಿಸುಕಿ ಸುಮ್ಮನಾಗುತ್ತದೆ. ಕೂಡಲೇ ಆ ಬಾಗಿಲಿನ ಮೋಟಾರನ್ನು ಕಿತ್ತು ಬೇರೊಂದನ್ನು ಹಾಕಿಸುವುದು ರೂಢಿಯಾಗಿದೆ. ಅಳೆದು ನೋಡದೆ ಬದಲಾಯಿಸುವ ಈ ರೂಢಿ ಸರಿಯಲ್ಲವೆಂಬುದು ನಮ್ಮ ಅಭಿಪ್ರಾಯ. ಅದೇಕೆಂಬುದನ್ನು ಇಲ್ಲಿ ವಿವರಿಸುತ್ತೇವೆ.

ಮೊಟ್ಟಮೊದಲು ಕೇಳಬೇಕಾದ ಪ್ರಶ್ನೆ, ಬೀಗವನ್ನು ಎಳೆಯುವ ಶಕ್ತಿ ಯಾವುದು ಎಂಬುದು. ಮರ್ಸಿಡಿಸ್-ಬೆನ್ಜ್ ಸಂಸ್ಥೆಯವರು 1995ರಲ್ಲಿ ಪುಣೆಯಲ್ಲಿ ತಯಾರಿಸತೊಡಗಿದ ಡಬ್ಲ್ಯೂ 124 ಮಾದರಿಯ ಕಾರುಗಳಲ್ಲಿ ಬಾಗಿಲ ಬೀಗವನ್ನು ನೇರವಾಗಿ ಚಲಿಸುವುದು ವಿದ್ಯುತ್ತಲ್ಲ, ಗಾಳಿ. ವಿದ್ಯುತ್ತು ಒಂದು ಪಂಪನ್ನು ಮಾತ್ರ ನಡೆಸುತ್ತದೆ. ಪಂಪಿನಿಂದ ಹೊರಟ ಸಣ್ಣ ನಳಿಕೆಗಳು ಬಾಗಿಲುಗಳನ್ನು ಮುಟ್ಟುತ್ತವೆ. ಇಲ್ಲಿ ಕಿವಿಯೇ ಮೊದಲ ಉಪಕರಣ. ಪಂಪಿನ ಸದ್ದೇ ಇಲ್ಲದಿದ್ದರೆ ಫ್ಯೂಸನ್ನೂ ತಂತಿಯನ್ನೂ ಶಂಕಿಸಬೇಕು. ಸದ್ದು ಎಂದಿಗಿಂತ ಹೆಚ್ಚು ಹೊತ್ತು ಕೇಳಿಬಂದರೆ ಎಲ್ಲಿಯೋ ಗಾಳಿ ಸೋರುತ್ತಿದೆಯೆಂದು ತಿಳಿಯಬೇಕು.

ಇದಕ್ಕೆ ಭಿನ್ನವಾಗಿ, 1989ರಲ್ಲಿ ಹೊರಬಂದ ಜಪಾನಿನ ಲೆಕ್ಸಸ್ ಎಲ್.ಎಸ್. 400ರಂತಹ ಕಾರುಗಳಲ್ಲಿ ಪ್ರತಿಯೊಂದು ಬಾಗಿಲಿನೊಳಗೂ ಒಂದು ಪುಟ್ಟ ಮೋಟಾರಿರುತ್ತದೆ. ಅದಕ್ಕೆ ಎರಡೇ ತಂತಿಗಳು. ವಿದ್ಯುತ್ಪ್ರವಾಹವು ಒಂದು ದಿಕ್ಕಿನಲ್ಲಿ ಹರಿದರೆ ಬೀಗ ಬೀಳುತ್ತದೆ. ದಿಕ್ಕು ತಿರುಗಿದರೆ ಬೀಗ ಬಿಡುತ್ತದೆ. ದಿಕ್ಕನ್ನು ತಿರುಗಿಸುವ ಕೆಲಸ ರಿಲೇಗಳದು. ಇಷ್ಟನ್ನು ಬಲ್ಲವರು ಒಂದು ತಿರುಪನ್ನೂ ಬಿಚ್ಚದೆಯೇ ದೋಷದ ನೆಲೆಯನ್ನು ಬಹುಮಟ್ಟಿಗೆ ಊಹಿಸಬಹುದು. ನಾಲ್ಕು ಬಾಗಿಲುಗಳೂ ಒಮ್ಮೆಗೇ ಸ್ತಬ್ಧವಾದರೆ ಎಲ್ಲಕ್ಕೂ ಸಮಾನವಾದ ಫ್ಯೂಸು, ರಿಲೇ ಅಥವಾ ಕಾರಿನ ಒಡಲಿಗೆ ಬಿಗಿದ ತಂತಿಯ ಕೊನೆಯಲ್ಲಿ ದೋಷವಿರಬೇಕು. ನಾಲ್ಕಕ್ಕೂ ಬೀಗ ಬಿದ್ದು, ಒಂದೂ ಬಿಡದಿದ್ದರೆ ಮೋಟಾರುಗಳು ನಿರಪರಾಧಿಗಳು. ಒಂದು ರಿಲೇಯನ್ನೋ ಗುಂಡಿಯನ್ನೋ ಪರೀಕ್ಷಿಸಬೇಕು. ಒಂದೇ ಬಾಗಿಲು ಕೆಟ್ಟಿದ್ದು, ಅದನ್ನು ಹೆಚ್ಚು ಕಡಿಮೆ ತೆರೆದಂತೆ ಬೀಗವೂ ನಡೆದು ನಿಂತು ಮಾಡುತ್ತಿದ್ದರೆ, ಕೀಲಿನ ಬಳಿ ರಬ್ಬರಿನ ಕೊಳವೆಯೊಳಗೆ ಹಾದುಹೋಗುವ ತಂತಿ ಮುರಿದಿರುವುದು ಬಹುತೇಕ ಖಂಡಿತ. ಬಾಗಿಲನ್ನು ತೆರೆದು ಮುಚ್ಚಿದಾಗಲೆಲ್ಲ ಆ ತಂತಿ ಬಾಗುತ್ತದೆ. ಸಾವಿರಾರು ಸಲ ಬಾಗಿದ ತಾಮ್ರದ ಎಳೆಗಳು ಒಂದೊಂದಾಗಿ ತುಂಡಾಗುತ್ತವೆ. ಹೊರಗಿನ ಹೊದಿಕೆ ಮಾತ್ರ ಅಖಂಡವಾಗಿ ಕಾಣುತ್ತಿರುತ್ತದೆ.

ಇಂತಹ ತಂತಿಯನ್ನು ಸಾಮಾನ್ಯ ರೀತಿಯಲ್ಲಿ ಪರೀಕ್ಷಿಸಿದವರು ಮೋಸಹೋಗುತ್ತಾರೆ. ಮೋಟಾರಿನ ಜೋಡಣೆಯನ್ನು ಕಳಚಿ, ತಂತಿಯ ತುದಿಗೆ ಮಲ್ಟಿಮೀಟರನ್ನು ಹಿಡಿದು ಗುಂಡಿ ಒತ್ತಿದರೆ ಅದು 12 ವೋಲ್ಟನ್ನು ತೋರಿಸುತ್ತದೆ. ತಂತಿ ಸರಿಯಾಗಿದೆ, ಮೋಟಾರು ಕೆಟ್ಟಿದೆ ಎಂಬ ತೀರ್ಪು ಹೊರಬೀಳುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರೆಂಬ ಗಾದೆ ಇಲ್ಲಿ ನಿಜವಾಗುತ್ತದೆ.

ಜರ್ಮನಿಯ ಜಾರ್ಜ್ ಸೈಮನ್ ಓಮ್ 1827ರಲ್ಲಿ ಪ್ರಕಟಿಸಿದ ನಿಯಮವನ್ನು ಇಲ್ಲಿ ಅನ್ವಯಿಸಿ ನೋಡೋಣ. ಚಲಿಸಲು ಹವಣಿಸುತ್ತಿರುವ ಮೋಟಾರಿನ ರೋಧ 3 ಓಂ ಎಂದಿಟ್ಟುಕೊಳ್ಳೋಣ. ತಂತಿ ಚೆನ್ನಾಗಿದ್ದರೆ 12 ವೋಲ್ಟಿಗೆ 4 ಆಂಪಿಯರ್ ಪ್ರವಾಹ ಹರಿಯುತ್ತದೆ. ಎಳೆಗಳು ತುಂಡಾಗಿಯೋ ಕಿಲುಬು ಹಿಡಿದೋ ದಾರಿಯಲ್ಲಿ ಇನ್ನೂ 3 ಓಂ ರೋಧ ಸೇರಿಕೊಂಡರೆ ಒಟ್ಟು 6 ಓಂ ಆಗಿ, ಪ್ರವಾಹವು 2 ಆಂಪಿಯರಿಗೆ ಇಳಿಯುತ್ತದೆ. ಮೋಟಾರಿನ ತಿರುಚುಬಲವು ಪ್ರವಾಹವನ್ನು ಅನುಸರಿಸುವುದರಿಂದ ಅದೂ ಅರ್ಧವಾಗುತ್ತದೆ. ಬೀಗವು ಮಿಸುಕಿ ನಿಲ್ಲುತ್ತದೆ. ಮೀಟರಿನ ರೋಧವಾದರೋ ಸುಮಾರು ಒಂದು ಕೋಟಿ ಓಂ. ಅದರ ಮೂಲಕ ಹರಿಯುವ ಪ್ರವಾಹ ಅತ್ಯಲ್ಪವಾದ್ದರಿಂದ ಆ 3 ಓಂ ರೋಧದಲ್ಲಿ ನಷ್ಟವಾಗುವ ವೋಲ್ಟೇಜು, ಒಂದು ವೋಲ್ಟಿನ ಹತ್ತು ಲಕ್ಷ ಭಾಗಗಳಲ್ಲಿ ನಾಲ್ಕಕ್ಕಿಂತಲೂ ಕಡಿಮೆ. ಮೀಟರು ಸುಳ್ಳು ಹೇಳುತ್ತಿಲ್ಲ. ನಾವು ಕೇಳಿದ ಪ್ರಶ್ನೆಯೇ ಬೇರೆ.

ಆದುದರಿಂದ ಮೋಟಾರನ್ನು ಕಳಚದೆ, ಪ್ರವಾಹ ಹರಿಯುತ್ತಿರುವಾಗಲೇ ಅದರ ಎರಡು ತುದಿಗಳ ನಡುವಿನ ವೋಲ್ಟೇಜನ್ನು ಅಳೆಯಬೇಕು. ಪ್ರವಾಹವು ಕ್ಷಣಮಾತ್ರ ಹರಿದು ನಿಲ್ಲುವುದರಿಂದ ಮೀಟರಿನ ಅಂಕಿ ಕಣ್ಣಿಗೆ ಸಿಗದಿರಬಹುದು. ಆಗ ಮೋಟಾರನ್ನು ಕಳಚಿ, ಅದರ ಸ್ಥಳದಲ್ಲಿ 12 ವೋಲ್ಟಿನ 21 ವಾಟ್ ದೀಪವನ್ನು ಜೋಡಿಸಿ ನೋಡಬಹುದು. ಚೆನ್ನಾಗಿರುವ ಬಾಗಿಲಿನಲ್ಲಿ ಅದು ಮಿಂಚುವುದಕ್ಕೂ ಕೆಟ್ಟ ಬಾಗಿಲಿನಲ್ಲಿ ಮಿಂಚುವುದಕ್ಕೂ ಹೋಲಿಸಿದರೆ ಸಾಕು. ಎರಡೂ ಕಡೆ ಬೆಳಕು ಸಮನಾಗಿದ್ದರೆ ತಂತಿ ನಿರ್ದೋಷಿ. ಆಗ ಮೋಟಾರನ್ನು ಧೈರ್ಯವಾಗಿ ಬಿಚ್ಚಬಹುದು. ಸವೆದ ಬ್ರಷ್ಷುಗಳೋ ಒಣಗಿದ ಗ್ರೀಸೋ ಕಂಡುಬಂದೀತು. ಆದರೆ ಈ ಪರೀಕ್ಷೆ ಮೋಟಾರಿನ ತಂತಿಗಳಿಗೆ ಮಾತ್ರ ಸಲ್ಲುತ್ತದೆ. ನಿಯಂತ್ರಕಕ್ಕೆ ಹೋಗುವ ಸೂಕ್ಷ್ಮ ತಂತಿಗಳಿಗೂ ಗಾಳಿಚೀಲದ ಹಳದಿ ಜೋಡಣೆಗಳಿಗೂ ದೀಪವನ್ನು ಸೋಂಕಿಸಲಾಗದು. ಮತ್ತೊಂದು ಮಾತು: ಹಲವು ಮೋಟಾರುಗಳೊಳಗೆ, ಬಿಸಿಯಾದಾಗ ರೋಧವನ್ನು ಥಟ್ಟನೆ ಏರಿಸಿಕೊಳ್ಳುವ ಒಂದು ರಕ್ಷಕ ಬಿಲ್ಲೆಯಿರುತ್ತದೆ. ಮೇಲಿಂದ ಮೇಲೆ ಗುಂಡಿ ಒತ್ತಿದರೆ ಸುಸ್ಥಿತಿಯ ಮೋಟಾರೂ ನಿಂತೀತು. ಕೆಲವು ನಿಮಿಷ ಆರಲು ಬಿಟ್ಟು ನೋಡಬೇಕು.

ಇಷ್ಟೆಲ್ಲ ಪರೀಕ್ಷೆಗೆ ತಗಲುವ ಹೊತ್ತಿನ ಕೂಲಿಗಿಂತ ಮೋಟಾರಿನ ಬೆಲೆಯೇ ಕಡಿಮೆಯೆಂದು ಕೆಲವರು ವಾದಿಸುತ್ತಾರೆ. ಹೊಸ ಕಾರಿನ ಮಟ್ಟಿಗೆ ಈ ವಾದದಲ್ಲಿ ಹುರುಳುಂಟು. ಆದರೆ ಹಳೆಯ ಕಾರಿನ ಬಿಡಿಭಾಗಗಳ ತಯಾರಿಕೆ ಎಷ್ಟೋ ವೇಳೆ ನಿಂತುಹೋಗಿರುತ್ತದೆ. ಆಗ ದೊರೆಯುವುದು ಗುಜರಿಗೆ ಬಿದ್ದ ಇನ್ನೊಂದು ಕಾರಿನಿಂದ ಬಿಚ್ಚಿದ, ಅಷ್ಟೇ ವಯಸ್ಸಾದ ಮೋಟಾರು. ದೋಷವಿರುವುದು ತಂತಿಯಲ್ಲಾದರೆ, ತಂದು ಹಾಕಿದ್ದೂ ಹಳೆಯದರಂತೆಯೇ ಮಿಸುಕುತ್ತದೆ. ಹಣ ಹೋಗುತ್ತದೆ, ದೋಷ ಉಳಿಯುತ್ತದೆ. ಕಡೆಗೆ ಬೇಸತ್ತ ಮಾಲೀಕನು, ಒಂದು ಗೇಣು ತಂತಿಯಿಂದ ಸರಿಹೋಗಬಹುದಾಗಿದ್ದ ಕಾರನ್ನೇ ಮಾರಿಬಿಡುತ್ತಾನೆ.

ಹಣಕ್ಕಿಂತ ದೊಡ್ಡ ಮಾತೂ ಒಂದುಂಟು. ಬಾಗಿಲು ಬೇಕೆಂದಾಗ ತೆರೆಯಬೇಕು. ಅಪಘಾತದಲ್ಲಿ, ಬೆಂಕಿಯಲ್ಲಿ, ನೀರಿನಲ್ಲಿ ಸಿಲುಕಿದವರಿಗೆ ಅದು ಜೀವದ ಪ್ರಶ್ನೆ. ಒಮ್ಮೆ ನಡೆದು ಒಮ್ಮೆ ನಿಲ್ಲುವ ಬೀಗ, ಸಂಪೂರ್ಣ ಕೆಟ್ಟ ಬೀಗಕ್ಕಿಂತಲೂ ಅಪಾಯಕರ. ಏಕೆಂದರೆ ಜನ ಅದನ್ನು ನಂಬಿರುತ್ತಾರೆ. ಫ್ಯೂಸು ಪದೇ ಪದೇ ಸುಡುವುದೆಂದು ಅದಕ್ಕಿಂತ ಹೆಚ್ಚು ಆಂಪಿಯರಿನ ಫ್ಯೂಸನ್ನು ಹಾಕುವವರಂತೂ ಬೆಂಕಿಯನ್ನೇ ಬರಮಾಡಿಕೊಳ್ಳುತ್ತಾರೆ. ಫ್ಯೂಸು ಸುಡುವುದು ದೋಷವಲ್ಲ, ದೋಷದ ಸುದ್ದಿ.

ಭೌತವಿಜ್ಞಾನವನ್ನು ಬೋಧಿಸುವ ನಮಗೂ ಇದರಲ್ಲಿ ಹೊಣೆಯುಂಟು. ಪ್ರಯೋಗಶಾಲೆಯಲ್ಲಿ ನಾವು ವಿದ್ಯಾರ್ಥಿಗಳ ಮುಂದಿಡುವುದು ಸುಸ್ಥಿತಿಯಲ್ಲಿರುವ ವಿದ್ಯುನ್ಮಂಡಲಗಳನ್ನು. ಬಯಸುವುದು ಪುಸ್ತಕದಲ್ಲಿರುವ ಉತ್ತರವನ್ನು. ಬದುಕಿನಲ್ಲಿ ಅವರಿಗೆ ಎದುರಾಗುವುದು ಕೆಟ್ಟ ಮಂಡಲಗಳೇ. ವರ್ಷಕ್ಕೊಂದು ಪಾಠದಲ್ಲಾದರೂ ಹೊದಿಕೆಯೊಳಗೆ ಮುರಿದ ತಂತಿಯೊಂದನ್ನು ಗುಟ್ಟಾಗಿ ಸೇರಿಸಿಟ್ಟು, ಅದನ್ನು ಪತ್ತೆಮಾಡುವಂತೆ ವಿದ್ಯಾರ್ಥಿಗಳಿಗೆ ಹೇಳಬೇಕು. ಹಾಗೆ ಕಲಿತವರ ಕೈಗೆ ಹಳೆಯ ಕಾರು ಬಂದರೆ, ಅವರು ತಿರುಪುಳಿಗೆ ಮೊದಲು ಮೀಟರನ್ನು ಎತ್ತಿಕೊಂಡಾರು. ಮೀಟರಿಗೂ ಮೊದಲು ಯೋಚಿಸಿಯಾರು.