ಬಿಚ್ಚಿ ಹೆಣೆಯುವ ಧೈರ್ಯ

ಸ್ವೆಟರು, ಮಫ್ಲರುಗಳನ್ನು ಸರಾಗವಾಗಿ ಹೆಣೆಯಬಲ್ಲ ನಮ್ಮ ಅನೇಕ ಸೋದರಿಯರು ಲೇಸಿನ ಶಾಲು ಎಂದೊಡನೆ ಕೈ ಹಿಂತೆಗೆಯುತ್ತಾರೆ. ‘ಈ ವಯಸ್ಸಿನಲ್ಲಿ ಹೊಸ ವಿದ್ಯೆಯೇಕೆ?’ ಎಂಬುದು ಅವರ ವಾದ. ಈ ಹಿಂಜರಿಕೆ ಸಲ್ಲದೆಂಬುದು ನನ್ನ ನಮ್ರ ಅಭಿಪ್ರಾಯ.

ಸ್ಕಾಟ್ಲೆಂಡಿನ ಉತ್ತರಕ್ಕಿರುವ ಶೆಟ್ಲೆಂಡ್ ದ್ವೀಪಗಳ ಲೇಸ್ ಶಾಲುಗಳು ಉಂಗುರದೊಳಗಿಂದ ಹಾದುಬರುವಷ್ಟು ನವುರಾದುವೆಂದು ಹೆಸರಾಗಿವೆ. ಅಂತಹ ಸೊಬಗಿಗೂ ಮೂಲವಾದುವು ಮುಖ್ಯವಾಗಿ ಎರಡೇ ಕ್ರಿಯೆಗಳು: ಕಡ್ಡಿಯ ಮೇಲೆ ನೂಲನ್ನು ಒಮ್ಮೆ ಬಳಸಿ ರಂಧ್ರವನ್ನುಂಟುಮಾಡುವುದು, ಎರಡು ಕುಣಿಕೆಗಳನ್ನು ಒಂದಾಗಿ ಹೆಣೆದು ಲೆಕ್ಕವನ್ನು ಸರಿದೂಗಿಸುವುದು. ಒಂದು ಕುಣಿಕೆ ತಪ್ಪಿದರೂ ಮುಂದಿನ ಎಲೆ, ಬಳ್ಳಿಗಳೆಲ್ಲ ಓರೆಯಾಗುತ್ತವೆ. ಕಷ್ಟವೆಲ್ಲ ಇರುವುದು ಈ ಗಮನದಲ್ಲಿಯೇ.

ಆದುದರಿಂದ ಮೊದಲ ಸಲ ತೊಡಗುವವರು 10-12 ಸಾಲುಗಳಿಗೊಮ್ಮೆ ಲೆಕ್ಕವನ್ನು ಪರೀಕ್ಷಿಸಿ, ಸರಿಯಾದ ಸಾಲಿನ ಕುಣಿಕೆಗಳೊಳಗೆ ಬೇರೆ ಬಣ್ಣದ ನುಣುಪಾದ ದಾರವೊಂದನ್ನು ಪೋಣಿಸಿಡಬೇಕು. ಮುಂದೆ ತಪ್ಪಾದರೆ ಆ ದಾರದವರೆಗೆ ಮಾತ್ರ ಬಿಚ್ಚಿದರಾಯಿತು. ಅರ್ಧ ಗಂಟೆಗೊಮ್ಮೆ ಕಡ್ಡಿಗಳನ್ನು ಕೆಳಗಿಟ್ಟು ಕಣ್ಣು, ಕತ್ತು, ಮಣಿಕಟ್ಟುಗಳಿಗೆ ವಿಶ್ರಾಂತಿ ಕೊಡಬೇಕು. ದಣಿದ ಕಣ್ಣಿಗೆ ಲೆಕ್ಕ ತಪ್ಪುವುದು ಸುಲಭ.

ಹೆಣೆಯುವಾಗ ಮುದುಡಿದಂತೆ ಕಾಣುವ ಶಾಲನ್ನು ಕಡೆಯಲ್ಲಿ ನೀರಿನಲ್ಲಿ ನೆನೆಸಿ, ಹಿಗ್ಗಿಸಿ, ಗುಂಡುಸೂಜಿಗಳಿಂದ ಬಿಗಿದು ಒಣಗಿಸಿದಾಗಲೇ ಅದರ ವಿನ್ಯಾಸ ಅರಳುವುದು. ಅಲ್ಲಿಯವರೆಗೆ ತಾಳ್ಮೆ ಬೇಕು.

ಅರಿಯದ ಊರಿಗೆ ಬಂದು, ಅರಿಯದ ಭಾಷೆಯನ್ನು ತಪ್ಪುತಪ್ಪಾಗಿ ಆಡುತ್ತಲೇ ಕಲಿತವರು ನಾವು. ನಾಲ್ಕು ಸಾಲು ಬಿಚ್ಚಿ ಮತ್ತೆ ಹೆಣೆಯಲು ನಮಗೆ ನಾಚಿಕೆಯೇಕೆ?