ಗಿಟಾರಿಗೆ ತೂತು ಕೊರಸಬ್ಯಾಡ್ರಿ

ಓಣಿ ಗಣಪತಿ ಮುಂದ ನಮ್ಮ ಮಗಳು ಗಿಟಾರ್ ಬಾರಿಸಿದ್ದು ಎರಡನೇ ಸಾಲಿಗೂ ಕೇಳಲಿಲ್ಲ. ಮೈಕ್ ಹತ್ರ ಇಟ್ರ ಬಾಜೂಕಿನ ತಬಲಾನೂ ಅದರಾಗ ಬರ್ತಿತ್ತು. ಅಂಗಡಿಯವರು "ತೂತು ಕೊರದು ಪಿಕಪ್ ಕೂಡಸ್ತೀವ್ರಿ" ಅಂದ್ರು. ನಾ ಒಪ್ಪಲಿಲ್ಲ. ಕಲಿಯೋ ಹುಡುಗರಿಗೆ ತಗದು ಹಾಕಲಿಕ್ಕೆ ಬರೋ ಮ್ಯಾಗ್ನೆಟಿಕ್ ಪಿಕಪ್ ಸಾಕು.

ಗಿಟಾರಿನ ನಡುವಿನ ದುಂಡನ ಬಾಯಿಗೆ ಅಡ್ಡ ಇಟ್ಟು ಸ್ಕ್ರೂ ಬಿಗಿದ್ರ ಆತು. ಅದರೊಳಗ ಅಯಸ್ಕಾಂತ, ಸುತ್ತಲೂ ತಾಮ್ರದ ತಂತಿಯ ಸುರುಳಿ. ಉಕ್ಕಿನ ತಂತಿ ನಡುಗಿದ್ರ ಸುರುಳಿಯೊಳಗ ಸಣ್ಣ ಕರೆಂಟ್ ಹುಟ್ಟಿ ಸ್ಪೀಕರಿಗೆ ಹೋಗ್ತದ. ನೈಲಾನ್ ತಂತಿಗೆ ಇದು ನಡಿಯೂದಿಲ್ಲ. ನಮ್ಮ ತಂಗಿ ಇದು ತಿಳೀದ ರೊಕ್ಕ ಕಳಕೊಂಡಳು.

ಅಗ್ಗದ್ದಾದ್ರೂ ನೋಡಿ ತಗೋರಿ. ಒಂದು ಸುರುಳಿಯದ್ದು ಟ್ಯೂಬ್‌ಲೈಟ್ ಹತ್ರ ಗುಂಯ್ ಅಂತದ. ಎರಡು ಸುರುಳಿಯ ಹಂಬಕರ್ ಆ ಗದ್ದಲ ಕಡಿಮಿ ಮಾಡ್ತದ. ಸ್ವಲ್ಪ ರೊಕ್ಕ ಹೆಚ್ಚಾದ್ರೂ ಅದೇ ಛಲೋ. ದಪ್ಪ ತಂತಿ ಮ್ಯಾಲಿನ ಕಂಚಿನ ಸುತ್ತು ಅಯಸ್ಕಾಂತಕ್ಕ ಸಿಗೂದಿಲ್ಲ, ಹಂಗಾಗಿ ಸಣ್ಣ ಎರಡು ತಂತಿನೇ ಜೋರು ಕೇಳಬಹುದು. ಒಂದೊಂದು ತಂತಿಗೂ ಸ್ಕ್ರೂ ತಿರುವಿ ಹೊಂದಿಸಲಿಕ್ಕೆ ಬರ್ತದೇನು ಅಂತ ಕೇಳ್ರಿ. ಗಿಟಾರಿನ ಬಾಯಿ ಅಳಕೊಂಡೇ ಅಂಗಡಿಗೆ ಹೋಗ್ರಿ. ಬಹಳಷ್ಟಕ್ಕ ಸುಮಾರು 10 ಸೆಂ.ಮೀ. ಇರ್ತದ.

ದನಿ ಸ್ವಲ್ಪ ಎಲೆಕ್ಟ್ರಿಕ್ ಗಿಟಾರಿನಂಗ ಕೇಳ್ತದ, ಕಟ್ಟಿಗಿಯ ಇಂಪು ಪೂರಾ ಬರೂದಿಲ್ಲ, ಖರೆ. ಆದ್ರ ಬ್ಯಾಡಾದ್ರ ನಾಳೆ ತಗದಿಡಬಹುದು. ಕೊರದ ತೂತು ಮೊದಲಿನಂಗ ಮುಚ್ಚಲಿಕ್ಕೆ ಬರ್ತದೇನ್ರಿ?