ಹೆಬ್ಬೆಟ್ಟು ಒತ್ತಿಸುವ ಮೊದಲು ಬೆಲೆ ಹೇಳಿ

ಈ ವಾರವೂ ಟಿವಿಯಲ್ಲಿ ಅದೇ ಜಗಳ: ಸತ್ತವರ ಆಸ್ತಿಗೆ ತೆರಿಗೆ ಬೇಕೇ, ಬೇಡವೇ. 2024ರ ಚುನಾವಣೆಯಲ್ಲಿ ಕಾಂಗ್ರೆಸ್ಸಿನ ಸ್ಯಾಮ್ ಪಿತ್ರೋಡಾ ಆ ತೆರಿಗೆಯ ಮಾತೆತ್ತಿ ಹೊತ್ತಿಸಿದ ಕಿಚ್ಚು ಆರಿಯೇ ಇಲ್ಲ. ಇಲ್ಲದ ತೆರಿಗೆಗೆ ಇಷ್ಟು ಗಂಟಲು ಹರಿದುಕೊಳ್ಳುವವರು, ಗಂಡ ಸತ್ತ ಹೆಂಗಸಿನ ಕೈಯಿಂದ ಇರುವ ಪಾಲು ಜಾರುವಾಗ ತುಟಿ ಬಿಚ್ಚುವುದಿಲ್ಲ. ನನ್ನ ಸಿಟ್ಟು ಅದಕ್ಕೆ.

ಅಮಾವಾಸ್ಯೆಗೆ ಹರಿಹರ ತಾಲ್ಲೂಕಿನ ಉಕ್ಕಡಗಾತ್ರಿಗೆ ಹೋಗಿದ್ದೆ. ಹೊಳೆಯಲ್ಲಿ ಮಿಂದು, ಕರಿಬಸವೇಶ್ವರ ಅಜ್ಜಯ್ಯನ ಗದ್ದುಗೆಗೆ ಕೈಮುಗಿದು ಬಂದರೆ ಮರದಡಿ ಒಂದು ಕುಟುಂಬ ಬುತ್ತಿ ಬಿಚ್ಚಿಕೊಂಡು ಕೂತಿತ್ತು. ಬೋಳು ಹಣೆಯ ಹೆಂಗಸಿಗೆ ಮೈದುನ ಹೇಳುತ್ತಿದ್ದ: "ಅತ್ತಿಗೆ, ಅಜ್ಜಯ್ಯನ ಮುಂದೆ ಒಪ್ಕಂಡ್ಬಿಡು. ಬರೀ ಪೌತಿ ಖಾತೆ ಕಾಗ್ದ. ನಾಳೆ ಹರಿಹರದಾಗೆ ಹೆಬ್ಬೆಟ್ಟು ಒತ್ತಿದ್ರೆ ಮುಗೀತು."

"ಏನೈತಿ ಓದಿ ಹೇಳಣ್ಣ" ಎಂದು ಆಕೆ ಕಾಗದ ನನ್ನ ಕೈಗಿತ್ತಳು. ಅದು ಹಕ್ಕು ಬಿಡುಗಡೆ ಪತ್ರದ ಕರಡು. ಗಂಡನ ಹೆಸರಿನ ಎರಡೂವರೆ ಎಕರೆ ಗದ್ದೆಯಲ್ಲಿ ತನ್ನ ಪಾಲನ್ನು ಅತ್ತೆಗೆ ಬಿಟ್ಟುಕೊಟ್ಟಂತೆ ಬರೆದಿತ್ತು. ಆ ಗದ್ದೆಗೆ ಎಷ್ಟು ಬೆಲೆ ಎಂದು ಕೇಳಿದೆ. "ನಂಗೇನ್ ಗೊತ್ತಣ್ಣ." ಆದರೆ ಎಕರೆಗೆ ಎಷ್ಟು ಚೀಲ ಭತ್ತ, ನಾಟಿ ಹೆಣ್ಣಾಳಿಗೆ ಎಷ್ಟು ಕೂಲಿ, ಚಾನಲ್ ನೀರು ಯಾವ ವಾರ ನಿಂತಿತು, ಎಲ್ಲ ನಾಲಗೆ ತುದಿಯಲ್ಲಿತ್ತು.

ನಾನು ಹಳೆಯ ರಾಗವನ್ನೇ ಮತ್ತೆ ಹಾಡುತ್ತೇನೆ. ಈ ಸೀಮೆ ಹಿಂದೆ ಮೈಸೂರು ಸಂಸ್ಥಾನದ್ದಾಗಿತ್ತು. ಹಿಂದೂ ಹೆಣ್ಣುಮಕ್ಕಳ ಹಕ್ಕಿಗೆಂದು ಇಲ್ಲಿ 1933ರಲ್ಲೇ ಕಾಯ್ದೆ ಬಂತು. ಬ್ರಿಟಿಷ್ ಇಂಡಿಯಾಕ್ಕೆ ಅಂಥದ್ದು ಬಂದದ್ದು ನಾಲ್ಕು ವರ್ಷ ತಡವಾಗಿ. 1956ರ ಉತ್ತರಾಧಿಕಾರ ಕಾಯ್ದೆಯಂತೂ ಹೆಂಡತಿ, ಮಕ್ಕಳು, ತಾಯಿಯನ್ನು ಒಂದೇ ಸಾಲಿನಲ್ಲಿ ಕೂರಿಸಿತು.

ಟಿವಿಯಲ್ಲಿ ಜಗಳವಾಡುವ ಆ ತೆರಿಗೆಯೂ ನಮ್ಮಲ್ಲಿತ್ತು: 1953ರಿಂದ 1985ರವರೆಗೆ, ಎಸ್ಟೇಟ್ ಡ್ಯೂಟಿ ಎಂಬ ಹೆಸರಿನಲ್ಲಿ. ದೊಡ್ಡ ಆಸ್ತಿಗೆ ಶೇ 85ರವರೆಗೂ ಹೋಗಿದ್ದ ಆ ಸುಂಕ ಮರಳಲಿ ಎನ್ನುತ್ತಿಲ್ಲ. ಆದರೆ ಅದರ ನೆಪದಲ್ಲಿ ಸತ್ತವನ ಆಸ್ತಿಗೆ ಯಾರೋ ಬೆಲೆ ಕಟ್ಟಿ ಬರೆದಿಡುತ್ತಿದ್ದರು. ಅಂಥ ತೆರಿಗೆ ಇರುವ ಲಂಡನ್ನಿನಲ್ಲಿ ಗಂಡನನ್ನು ಕಳೆದುಕೊಂಡ ಕನ್ನಡತಿ, ತನಗೆ ಬಂದ ಪಾಲಿಗೆ ಸಾಮಾನ್ಯವಾಗಿ ತೆರಿಗೆ ಇಲ್ಲದಿದ್ದರೂ, ಅವನು ತೀರಿದ ದಿನ ಮನೆ, ಕಾರು, ಠೇವಣಿಗೆ ಇದ್ದ ಬೆಲೆಯನ್ನು ಲೆಕ್ಕ ಹಾಕಲೇಬೇಕು. ತನಗೇನು ಬಂತೆಂದು ಅವಳಿಗೆ ತಿಳಿಯುತ್ತದೆ. ನಮ್ಮಲ್ಲಿ ಕುಟುಂಬದೊಳಗಿನ ಬಿಡುಗಡೆ ಪತ್ರಕ್ಕೆ ನಿಗದಿತ ಸಣ್ಣ ಮುದ್ರಾಂಕ ಶುಲ್ಕ. ಹಾಗಾಗಿ ಬೆಲೆಯ ಮಾತೇ ಏಳುವುದಿಲ್ಲ. ಲಕ್ಷಾಂತರ ಪಹಣಿಗಳು ಇನ್ನೂ ಸತ್ತವರ ಹೆಸರಲ್ಲಿವೆ. ಅವನ್ನು ವಾರಸುದಾರರ ಹೆಸರಿಗೆ ಮಾಡಲು ಸರ್ಕಾರ ಪೌತಿ ಆಂದೋಲನ ನಡೆಸುತ್ತಿರುವುದು ಒಳ್ಳೆಯದೇ. ಅದೇ ಅವಸರದಲ್ಲಿ ಇಂಥ ಕಾಗದಗಳೂ ನುಸುಳುತ್ತವೆ.

ಉಪನೋಂದಣಾಧಿಕಾರಿಗಳೇ, ಹೆಬ್ಬೆಟ್ಟು ಒತ್ತಿಸುವ ಮೊದಲು ಮಾರ್ಗಸೂಚಿ ದರದಲ್ಲಿ ಹಕ್ಕು ಬಿಡುವ ಹೆಂಗಸಿನ ಪಾಲು ಎಷ್ಟು ರೂಪಾಯಿ ಎಂದು ಗಟ್ಟಿಯಾಗಿ ಓದಿ ಹೇಳಿ. ಅದಕ್ಕೆ ಹೊಸ ಕಾನೂನು ಬೇಕಿಲ್ಲ.

ಉಕ್ಕಡಗಾತ್ರಿಯಲ್ಲಿ ಕಂಡ ಆ ಹೆಂಗಸಿಗೆ ಮಕ್ಕಳಿಲ್ಲ. ವಾರಸುದಾರರು ಇಬ್ಬರೇ, ಆಕೆ ಮತ್ತು ಅತ್ತೆ. ಆಕೆಯ ಪಾಲು ಒಂದೂಕಾಲು ಎಕರೆ. ಮೈದುನನ ಪಾಲು ಸೊನ್ನೆ.